ಕಡಲ ತಳದ ಲೆಕ್ಕ

ಇಂಗ್ಲೆಂಡಿನಲ್ಲಿ ಮೂರನೆಯ ಎಡ್ವರ್ಡ್ ದೊರೆ ಆಳುತ್ತಿದ್ದ ಕಾಲ. 1376ರಲ್ಲಿ ಕಡಲಂಚಿನ ಪ್ರಜೆಗಳು ಪಾರ್ಲಿಮೆಂಟಿನ ಮೂಲಕ ದೊರೆಗೊಂದು ಮನವಿಯನ್ನು ಒಪ್ಪಿಸಿದರು. ಕೆಲವು ಮೀನುಗಾರರು ಹೊಸ ಬಗೆಯ ಬಲೆಯೊಂದನ್ನು ಹೂಡಿದ್ದಾರೆ. ಅದರ ಕಣ್ಣುಗಳು ತೀರ ಸಣ್ಣವು. ಅದಕ್ಕೆ ಕಟ್ಟಿದ ಭಾರವು ತಳವನ್ನು ಉಜ್ಜಿಕೊಂಡು ಹೋಗಿ ಅಲ್ಲಿ ಬೆಳೆದ ಸಸ್ಯಗಳನ್ನೂ ಚಿಪ್ಪಿನ ಜೀವಿಗಳನ್ನೂ ನಾಶಮಾಡುತ್ತದೆ. ಎಳೆಯ ಮೀನುಗಳು ಅಪಾರವಾಗಿ ಸಿಕ್ಕಿಬಿದ್ದು, ಕೊಳ್ಳುವವರಿಲ್ಲದೆ ಹಂದಿಗಳ ಮೇವಾಗುತ್ತಿವೆ ಎಂಬುದು ಆ ದೂರಿನ ಸಾರ. ಅರಮನೆಯಿಂದ ಬಂದ ಉತ್ತರವೂ ಸ್ವಾರಸ್ಯವಾಗಿದೆ. ಬಲ್ಲವರನ್ನು ನೇಮಿಸಿ ವಿಚಾರಣೆ ನಡೆಸಲಾಗುವುದು ಎಂದು ದೊರೆಯ ಕಡೆಯವರು ತಿಳಿಸಿದರು.

ಅಲ್ಲಿಂದೀಚೆಗೆ ಆರೂವರೆ ಶತಮಾನಗಳು ಕಳೆದಿವೆ. ಹಾಯಿಯ ಬದಲಿಗೆ ಯಂತ್ರ ಬಂದಿದೆ, ಸೆಣಬಿನ ಹುರಿಯ ಬದಲಿಗೆ ನೈಲಾನ್ ಬಂದಿದೆ. ಆದರೆ ತಳ ಗುಡಿಸುವ ಬಲೆಯ ಮೇಲಿನ ದೂರು ಮಾತ್ರ ಅದೇ. ದೂರಿಗೆ ಆಳುವವರು ಕೊಡುವ ಮೊದಲ ಉತ್ತರವೂ ಬಹುಮಟ್ಟಿಗೆ ಅದೇ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಕಾಡನ್ನು ಕಡಿದರೆ ಬೋಳುಗುಡ್ಡ ಸಾಕ್ಷಿ ನುಡಿಯುತ್ತದೆ. ಕೆರೆಯನ್ನು ಹೂಳಿದರೆ ಊರಿಗೆ ಊರೇ ನೋಡುತ್ತದೆ. ಕಡಲ ತಳದಲ್ಲಿ ನಡೆದ ಹಾನಿಯನ್ನು ನೀರು ಒಡನೆಯೇ ಮುಚ್ಚಿಬಿಡುತ್ತದೆ. ಕಾಣದ ಹಾನಿಗೆ ಹೊಣೆಗಾರರನ್ನು ಹುಡುಕುವುದು ಕಷ್ಟ. ಅನುಮತಿ ಕೊಟ್ಟವರು ದಡದ ಮೇಲೆ ನಿಶ್ಚಿಂತರಾಗಿರುತ್ತಾರೆ.

ಹಾಗೆ ನಿಶ್ಚಿಂತರಾಗಿದ್ದವರನ್ನು ಎಬ್ಬಿಸಿ ಕೂರಿಸಿ, ಒಂದಲ್ಲ ಎರಡಲ್ಲ ಮೂರು ಮಂತ್ರಿಮಂಡಲಗಳಿಂದ ಉತ್ತರವನ್ನು ಕೇಳಿದವರು ಕೇರಳದ ನಾಡದೋಣಿಯ ಮೀನುಗಾರರು. ಅವರ ಕಥೆ ಕನ್ನಡ ಕರಾವಳಿಯ ಮಗ್ಗುಲಲ್ಲೇ ನಡೆದದ್ದಾದರೂ ಘಟ್ಟದ ಮೇಲಿನ ಊರುಗಳಲ್ಲಿ ಅದನ್ನು ಬಲ್ಲವರು ವಿರಳ.

ಬಲೆಯ ಬಗೆ

ಬೀಸುಬಲೆಯಾಗಲಿ ಕಂತುಬಲೆಯಾಗಲಿ ಮೀನು ಬರುವ ದಾರಿಯನ್ನು ಕಾಯುತ್ತದೆ. ಟ್ರಾಲ್ ಬಲೆ ಕಾಯುವುದಿಲ್ಲ, ಅಟ್ಟಿಕೊಂಡು ಹೋಗುತ್ತದೆ. ಅದು ಉದ್ದನೆಯ ಜೋಲುಚೀಲದಂತಹ ಬಲೆ. ಬೋಟಿನ ಹಿಂದೆ ಎರಡು ಉಕ್ಕಿನ ಹಗ್ಗಗಳು. ಹಗ್ಗಗಳಿಗೆ ಎರಡು ಭಾರವಾದ ಹಲಗೆಗಳು. ಬೋಟು ಮುಂದೆ ಸಾಗಿದಂತೆ ನೀರಿನ ಒತ್ತಡಕ್ಕೆ ಈ ಹಲಗೆಗಳು ಎರಡು ಪಕ್ಕಕ್ಕೂ ಸರಿದು ಚೀಲದ ಬಾಯನ್ನು ಅಗಲವಾಗಿ ತೆರೆದಿಡುತ್ತವೆ. ಕೆಳಗಿನ ಅಂಚಿನ ಹಗ್ಗಕ್ಕೆ ಸೀಸದ ಗುಂಡುಗಳನ್ನೋ ಕಬ್ಬಿಣದ ಸರಪಳಿಯನ್ನೋ ಕಟ್ಟಿರುತ್ತಾರೆ. ಆ ಭಾರವು ಕೆಸರನ್ನು ಕೆದಕಿ, ಅದರಲ್ಲಿ ಅಡಗಿದ ಸೀಗಡಿಗಳನ್ನು ಎಬ್ಬಿಸಿ, ಹಿಂದೆ ಬರುವ ಚೀಲದೊಳಕ್ಕೆ ನೂಕುತ್ತದೆ.

ಸೀಗಡಿಯೊಂದೇ ಆ ಕೆಸರಿನಲ್ಲಿ ವಾಸಿಸುವುದಾದರೆ ಜಗಳವೇ ಇರುತ್ತಿರಲಿಲ್ಲ. ಮೀನಿಗೆ ಮೇವಾಗುವ ಹುಳುಗಳು, ಚಿಪ್ಪುಗಳು, ಏಡಿಗಳು, ತಳದ ಬಳಿ ಮೊಟ್ಟೆಯಿಡಲು ಬಂದ ಮೀನುಗಳು, ಬೆರಳುದ್ದವೂ ಬೆಳೆಯದ ಮರಿಗಳು ಎಲ್ಲವೂ ಒಂದೇ ಚೀಲದಲ್ಲಿ ಮೇಲೆ ಬರುತ್ತವೆ. ಬೋಟಿನ ಮೇಲೆ ಸುರಿದ ರಾಶಿಯಿಂದ ಬೆಲೆಬಾಳುವುದನ್ನು ಆರಿಸಿಕೊಂಡ ಮೇಲೆ ಉಳಿದದ್ದು ಒಂದು ಕಾಲದಲ್ಲಿ ಸತ್ತಂತೆಯೇ ಸಮುದ್ರಕ್ಕೆ ಮರಳುತ್ತಿತ್ತು. ಈಗ ಅದರಲ್ಲಿ ಬಹುಪಾಲು ಮೀನಿನ ಹಿಟ್ಟು ಮಾಡುವ ಕಾರ್ಖಾನೆಗಳಿಗೆ ಹೋಗುತ್ತದೆ. ಬಲೆಯ ತುದಿಯ ಕಣ್ಣು ಎಷ್ಟು ಚಿಕ್ಕದೋ ನಾಳಿನ ಮೀನಿಗೆ ಉಳಿಯುವ ದಾರಿಯೂ ಅಷ್ಟೇ ಚಿಕ್ಕದು.

ನಾರ್ವೆಯಿಂದ ಬಂದ ನೆರವು

ಈ ಬಲೆ ಕೇರಳಕ್ಕೆ ಕಳ್ಳದಾರಿಯಲ್ಲಿ ಬರಲಿಲ್ಲ. ಸರಕಾರದ ಕೈಹಿಡಿದು, ಹೂಮಾಲೆ ಹಾಕಿಸಿಕೊಂಡು ಬಂದಿತು. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಂದು ಒಪ್ಪಂದವಾಯಿತು. ಹೊಸದಾಗಿ ಸ್ವತಂತ್ರವಾದ ದೇಶವೊಂದರ ಬಡ ಮೀನುಗಾರರ ಬಾಳನ್ನು ಹಸನುಗೊಳಿಸಬೇಕೆಂಬುದು ಅದರ ಉದ್ದೇಶ. ನಾರ್ವೆ ದೇಶವು ಪರದೇಶದ ಅಭಿವೃದ್ಧಿಗೆಂದು ಕೈಗೊಂಡ ಮೊತ್ತಮೊದಲ ಯೋಜನೆಯೇ ಇದು. 1953ರಲ್ಲಿ, ಅಂದಿನ ತಿರುವಾಂಕೂರು-ಕೊಚ್ಚಿ ಸಂಸ್ಥಾನದ ಕ್ವಿಲಾನಿನ ಬಳಿ, ಅಂದರೆ ಇಂದಿನ ಕೊಲ್ಲಂ ಪಟ್ಟಣದ ಸಮೀಪದ ನೀಂಡಕರ ಮತ್ತು ಶಕ್ತಿಕುಳಂಗರ ಎಂಬ ಹಳ್ಳಿಗಳಲ್ಲಿ ಕೆಲಸ ಮೊದಲಾಯಿತು. ಆಸ್ಪತ್ರೆ ಬಂದಿತು, ಕುಡಿಯುವ ನೀರಿನ ನಲ್ಲಿ ಬಂದಿತು, ಮಂಜುಗಡ್ಡೆಯ ಕಾರ್ಖಾನೆ ಬಂದಿತು, ಯಂತ್ರದ ದೋಣಿಗಳು ಬಂದವು. ಯೋಜನೆಯನ್ನು ರೂಪಿಸಿದವರ ಸದುದ್ದೇಶವನ್ನು ಯಾರೂ ಸಂಶಯಿಸಬೇಕಾಗಿಲ್ಲ.

ಆದರೆ ಅದೇ ಸಮಯಕ್ಕೆ ಇನ್ನೊಂದು ಗಾಳಿ ಬೀಸತೊಡಗಿತ್ತು. ಅದುವರೆಗೆ ಮಲಬಾರಿನ ಸೀಗಡಿಗೆ ಹೇಳಿಕೊಳ್ಳುವಂತಹ ಬೆಲೆಯಿರಲಿಲ್ಲ. ಒಣಗಿಸಿ ಬರ್ಮಾಕ್ಕೆ ಕಳುಹಿಸುತ್ತಿದ್ದರು. 1953ರಿಂದ ಕೊಚ್ಚಿಯ ವರ್ತಕರು ಅದನ್ನು ಮಂಜುಗಟ್ಟಿಸಿ ಅಮೆರಿಕಕ್ಕೆ ಸಾಗಿಸಲಾರಂಭಿಸಿದರು. ಡಾಲರಿನ ರುಚಿ ಹತ್ತಿತು. 1966ರಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದಾಗ ರಫ್ತಿನ ಲಾಭ ಮತ್ತಷ್ಟು ಏರಿತು. ಊರಿನವರ ಊಟದ ಮೀನನ್ನು ಹೆಚ್ಚಿಸಬೇಕೆಂದು ಹೊರಟ ಯೋಜನೆಯು ಪರದೇಶದ ಮೇಜಿನ ಸೀಗಡಿಯ ಕಡೆಗೆ ತಿರುಗಿತು. ಟ್ರಾಲ್ ಬಲೆಗೆ ಪ್ರೋತ್ಸಾಹ ಸಿಕ್ಕಿತು. ಬೋಟು ಕಟ್ಟಿಸಲು ಸರಕಾರವೇ ಸಾಲವನ್ನೂ ಸಹಾಯಧನವನ್ನೂ ನೀಡಿತು. ಕಡಲನ್ನು ಕಂಡರಿಯದ ಹಣವಂತರು ಬೋಟಿನ ಒಡೆಯರಾದರು. ಮೀನುಗಾರ ಕುಲದ ಕೆಲವರು ಒಡೆಯರಾದದ್ದೂ ಉಂಟು, ಹೆಚ್ಚಿನವರು ಕೂಲಿಗಳಾದರು. ದಡದ ಮೇಲಿನ ಕೊಟ್ಟಿಗೆಗಳಲ್ಲಿ ಸಾವಿರಾರು ಹೆಂಗಸರು ಸೀಗಡಿಯ ಸಿಪ್ಪೆ ಸುಲಿಯುವ ಕೆಲಸಕ್ಕೆ ಕುಳಿತರು.

ಇಪ್ಪತ್ತು ವರ್ಷ ಈ ಸುಗ್ಗಿ ನಡೆಯಿತು. 1973ರಲ್ಲಿ ಕೇರಳದ ಕಡಲಿನಿಂದ ಬಂದ ಒಟ್ಟು ಮೀನು ಸುಮಾರು 4 ಲಕ್ಷ 48 ಸಾವಿರ ಟನ್. ಅದರಲ್ಲಿ ಸೀಗಡಿಯೇ ಸುಮಾರು 85 ಸಾವಿರ ಟನ್. ಬೋಟುಗಳ ಸಂಖ್ಯೆ ಆ ಮೇಲೂ ಏರುತ್ತಲೇ ಹೋಯಿತು. ಮೀನು ಮಾತ್ರ ಇಳಿಯಿತು. 1980ರಲ್ಲಿ ಒಟ್ಟು ಮೀನು ಸುಮಾರು 2 ಲಕ್ಷ 80 ಸಾವಿರ ಟನ್ನಿಗೆ ಬಂದು ನಿಂತಿತು. ಸೀಗಡಿಯ ಪಾಲೂ ಇಳಿಯಿತು.

ಈ ಅಂಕಿಗಳನ್ನು ಅಧಿಕಾರಿಗಳು ಕಡತದಲ್ಲಿ ಬರೆದುಕೊಳ್ಳುವ ಮೊದಲೇ ಕಟ್ಟುಮರದವರ ಅಡಿಗೆಮನೆಗಳಲ್ಲಿ ಅವು ತಿಳಿದಿದ್ದವು. ಬೋಟುಗಳು ಸೀಗಡಿಯನ್ನರಸಿ ದಡದ ಸಮೀಪಕ್ಕೇ ಬರುತ್ತಿದ್ದವು. ರಾತ್ರಿಯ ಹೊತ್ತು ನಾಡದೋಣಿಗಳ ಬಲೆಗಳು ಅವುಗಳ ಹೊಡೆತಕ್ಕೆ ಸಿಕ್ಕಿ ಹರಿದುಹೋಗುತ್ತಿದ್ದವು. ಸಾಲಮಾಡಿ ಹೆಣೆಸಿದ ಬಲೆ ಒಂದು ರಾತ್ರಿಯಲ್ಲಿ ಚಿಂದಿಯಾದರೆ ಆ ಮನೆಯ ಒಲೆಗೆ ತಿಂಗಳುಗಟ್ಟಲೆ ಬೆಂಕಿಯಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಬೀದಿ ಮೀನು ಮಾರುತ್ತಿದ್ದ ಹೆಂಗಸರ ಬುಟ್ಟಿ ಹಗುರಾಯಿತು. ಮೀನುಗಾರರನ್ನು ಉದ್ಧರಿಸಲು ಹೊರಟ ಯೋಜನೆಯ ಫಲ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಕೇಳುವವರು ಎದ್ದರು

ಇಂತಹ ಸಂಕಟ ಕೇರಳದ್ದು ಮಾತ್ರವಾಗಿರಲಿಲ್ಲ. ಗೋವೆಯಲ್ಲಿ ರಂಪಣಿ ಬಲೆಯವರು 1970ರ ದಶಕದಲ್ಲಿಯೇ ಸಂಘಟಿತರಾಗಿ ಯಾಂತ್ರಿಕ ಬೋಟುಗಳ ವಿರುದ್ಧ ಬೀದಿಗಿಳಿದಿದ್ದರು. ಕಡಲಿನಲ್ಲಿ ಹೊಡೆದಾಟಗಳಾದವು, ಬೋಟುಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು. ಕೇಂದ್ರ ಸರಕಾರವು 1976ರಲ್ಲಿ ಮಜುಂದಾರ್ ಸಮಿತಿಯನ್ನು ನೇಮಿಸಿತು. ದಡದ ಸಮೀಪದ ನೀರನ್ನು ಸಣ್ಣ ದೋಣಿಗಳಿಗೆ ಮೀಸಲಿಡಬೇಕೆಂಬ ಮಾದರಿ ಮಸೂದೆಯೊಂದು ಸಿದ್ಧವಾಗಿ ರಾಜ್ಯಗಳಿಗೆ ಹೋಯಿತು. 1980ರಲ್ಲಿ ಕೇರಳದ ವಿಧಾನಸಭೆ ತನ್ನ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಕಾಗದದ ಮೇಲೆ ಗಡಿ ಎಳೆದಾಯಿತು. ನೀರಿನ ಮೇಲೆ ಆ ಗಡಿಯನ್ನು ಕಾಯುವವರು ಮಾತ್ರ ಕಾಣಲಿಲ್ಲ.

ಅದೇ ವರ್ಷಗಳಲ್ಲಿ ಕೇರಳ ಸ್ವತಂತ್ರ ಮತ್ಸ್ಯ ತೊಳಿಲಾಳಿ ಫೆಡರೇಷನ್ ಎಂಬ ಸಂಘವು ತಲೆಯೆತ್ತಿತು. ಹೆಸರಿನಲ್ಲಿರುವ ‘ಸ್ವತಂತ್ರ’ ಎಂಬ ಮಾತು ಅಲಂಕಾರಕ್ಕೆ ಸೇರಿಸಿದ್ದಲ್ಲ. ಕೇರಳದಲ್ಲಿ ಪ್ರತಿಯೊಂದು ಪಕ್ಷಕ್ಕೂ ಅದರದೇ ಕಾರ್ಮಿಕ ಸಂಘವಿದೆ; ಆ ಪಕ್ಷವು ಅಧಿಕಾರಕ್ಕೆ ಬಂದೊಡನೆ ಸಂಘದ ದನಿ ಇಳಿಯುವುದು ವಾಡಿಕೆ. ಈ ಮೀನುಗಾರರು ಯಾವ ಪಕ್ಷದ ನೆರಳಿಗೂ ಹೋಗದೆ, ಗದ್ದುಗೆಯ ಮೇಲೆ ಯಾರು ಕುಳಿತಿದ್ದರೂ ಅವರನ್ನೇ ಕೇಳುವುದೆಂದು ನಿಶ್ಚಯಿಸಿದರು. ಫಾದರ್ ಥಾಮಸ್ ಕೋಚ್ಚೇರಿಯವರಂತಹ ಪಾದ್ರಿಗಳೂ ಹಲವರು ಕ್ರೈಸ್ತ ಸಂನ್ಯಾಸಿನಿಯರೂ ಅವರೊಡನೆ ಕುಳಿತು ಉಪವಾಸ ಮಾಡಿದರು. ಮಠದೊಳಗಿರಬೇಕಾದವರಿಗೆ ಬೀದಿಯ ಚಳವಳಿ ತಕ್ಕುದೇ ಎಂಬ ಆಕ್ಷೇಪಣೆ ಅವರ ಧರ್ಮಪೀಠಗಳಿಂದಲೇ ಬಂದರೂ ಅವರು ಹಿಂಜರಿಯಲಿಲ್ಲ.

ಕೇಳಿಕೆ ಸರಳವಾಗಿತ್ತು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಎಷ್ಟೋ ಜಾತಿಯ ಮೀನುಗಳು ಮೊಟ್ಟೆಯಿಡುವ ಮಳೆಗಾಲದಲ್ಲಿ, ತಳ ಗುಡಿಸುವ ಬಲೆಯನ್ನು ನಿಲ್ಲಿಸಿರಿ ಎಂಬುದೇ ಅವರ ಮುಖ್ಯ ಬೇಡಿಕೆ.

ಸಮಿತಿಯ ಮೇಲೊಂದು ಸಮಿತಿ

ಬೋಟಿನ ಒಡೆಯರಿಗೂ ತಮ್ಮ ವಾದವಿತ್ತು. ಅದನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ನೀಂಡಕರದ ಬಳಿ ಕರಿಕ್ಕಾಡಿ ಎಂಬ ಸೀಗಡಿ ಹೇರಳವಾಗಿ ದೊರೆಯುವುದು ಮಳೆಗಾಲದಲ್ಲಿಯೇ. ಆಗ ಹಿಡಿಯದಿದ್ದರೆ ಅದು ಯಾರಿಗೂ ದಕ್ಕದೆ ಹೋಗುತ್ತದೆ, ಸಾವಿರಾರು ಕೂಲಿಗಳ ಅನ್ನಕ್ಕೂ ದೇಶದ ರಫ್ತಿಗೂ ಕುತ್ತು ಬರುತ್ತದೆ ಎಂದು ಅವರು ಹೇಳುತ್ತಿದ್ದರು. ವಿಜ್ಞಾನಿಗಳಲ್ಲೂ ಏಕಾಭಿಪ್ರಾಯವಿರಲಿಲ್ಲ. ನಿರ್ಧಾರವನ್ನು ಮುಂದೂಡಬೇಕೆಂಬ ಸರಕಾರಕ್ಕೆ ಇದಕ್ಕಿಂತ ಅನುಕೂಲವಾದ ಸಂದರ್ಭ ಇನ್ನಾವುದು?

1981ರಲ್ಲಿ ಐ.ಎ.ಎಸ್. ಅಧಿಕಾರಿ ಡಿ. ಬಾಬು ಪಾಲ್ ಅವರ ಅಧ್ಯಕ್ಷತೆಯಲ್ಲಿ ಮೊದಲನೆಯ ಸಮಿತಿ ನೇಮಕವಾಯಿತು. ಒಡೆಯರ ಪ್ರತಿನಿಧಿಗಳು ಒಂದು ಹೇಳಿದರೆ ಮೀನುಗಾರರ ಪ್ರತಿನಿಧಿಗಳು ಇನ್ನೊಂದು ಹೇಳಿದರು. ಮಳೆಗಾಲದ ನಿಷೇಧದ ವಿಷಯದಲ್ಲಿ ಸಮಿತಿ ಒಡೆದುಹೋಯಿತು. ಸರಕಾರ ಬದಲಾಯಿತು, ಎಡರಂಗದ ಸ್ಥಾನಕ್ಕೆ ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಬಂದಿತು. ಕಡಲಿನ ನಡವಳಿಕೆ ಬದಲಾಗಲಿಲ್ಲ. 1984ರಲ್ಲಿ ರಾಜ್ಯದಾದ್ಯಂತ ಉಪವಾಸಗಳೂ ಮುತ್ತಿಗೆಗಳೂ ನಡೆದವು. ಆಗ ಎರಡನೆಯ ಸಮಿತಿ. ಅದರ ಅಧ್ಯಕ್ಷರು ಎ.ಜಿ. ಕಲಾವಾರ್. ಮಳೆಗಾಲದ ಪೂರ್ಣ ನಿಷೇಧವನ್ನು ಆ ಸಮಿತಿ ಹೇಳಲಿಲ್ಲ; ಆದರೆ ಕೇರಳದ ಕಡಲು ತಾಳಬಲ್ಲ ಟ್ರಾಲ್ ಬೋಟುಗಳ ಸಂಖ್ಯೆ 1145 ಎಂದು ಲೆಕ್ಕಹಾಕಿ ಹೇಳಿತು. ಆಗ ಕಡಲಿನಲ್ಲಿದ್ದ ಬೋಟುಗಳು ಅದರ ಎರಡರಷ್ಟಕ್ಕೂ ಮೀರಿದ್ದವು. ಹೆಚ್ಚಿನ ಬೋಟುಗಳನ್ನು ತೆಗೆಯುವ ಧೈರ್ಯವನ್ನು ಯಾರೂ ಮಾಡಲಿಲ್ಲ.

1987ರಲ್ಲಿ ಎಡರಂಗ ಮತ್ತೆ ಅಧಿಕಾರಕ್ಕೆ ಬಂದಿತು. ಇ.ಕೆ. ನಾಯನಾರ್ ಮುಖ್ಯಮಂತ್ರಿಗಳು. ಮೀನುಗಾರರು ಹಳೆಯ ಸರಕಾರದ ಮುಂದೆ ಇಟ್ಟಿದ್ದ ಪ್ರಶ್ನೆಯನ್ನೇ ಹೊಸ ಸರಕಾರದ ಮುಂದೆಯೂ ಇಟ್ಟರು. ಮೂರನೆಯ ಸಮಿತಿಯನ್ನು ಜಲಜೀವಶಾಸ್ತ್ರಜ್ಞ ಪ್ರೊಫೆಸರ್ ಎನ್. ಬಾಲಕೃಷ್ಣನ್ ನಾಯರ್ ಅವರ ನೇತೃತ್ವದಲ್ಲಿ ರಚಿಸಲಾಯಿತು. ಈ ಸಲ ಮಾತ್ರ ಸಮಿತಿಯ ಹೆಸರಿನಲ್ಲಿ ಕಾಲ ಕಳೆಯುವುದು ಸಾಧ್ಯವಾಗಲಿಲ್ಲ. 1988ರ ಮಳೆಗಾಲದಲ್ಲಿ ನಿಷೇಧವು ಜಾರಿಗೆ ಬಂದಿತು. ಅತಿ ಹೆಚ್ಚು ಬೋಟುಗಳಿದ್ದ ನೀಂಡಕರಕ್ಕೇ ವಿನಾಯಿತಿ ಕೊಟ್ಟಿದ್ದರಿಂದ ಅದು ಅರೆಮನಸ್ಸಿನ ಆಜ್ಞೆಯೆಂದು ಎಲ್ಲರಿಗೂ ತಿಳಿದಿತ್ತು. 1989ರಲ್ಲಿ ನಾಯರ್ ಸಮಿತಿಯು ಮಳೆಗಾಲದ ಮೂರು ತಿಂಗಳೂ ಟ್ರಾಲ್ ಬಲೆಯನ್ನು ನಿಲ್ಲಿಸಬೇಕೆಂದು ಸ್ಪಷ್ಟವಾಗಿ ನುಡಿಯಿತು. ಒಡೆಯರು ನ್ಯಾಯಾಲಯದ ಮೆಟ್ಟಿಲೇರಿದರು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯದ ಅಧಿಕಾರವನ್ನು ಎತ್ತಿಹಿಡಿಯಿತು.

ಅಂದಿನಿಂದ ಯಾವ ರಂಗದ ಸರಕಾರವಿದ್ದರೂ ಮಳೆಗಾಲದ ನಿಷೇಧ ತಪ್ಪಿಲ್ಲ. 2018ರಿಂದ ಅದರ ಅವಧಿ 52 ದಿನ. ಜೂನ್ ತಿಂಗಳಿನ ಆ ಮಧ್ಯರಾತ್ರಿಯಲ್ಲಿ ನೀಂಡಕರದ ಸೇತುವೆಯ ಕಂಬಗಳ ನಡುವೆ ಸರಪಳಿಯನ್ನು ಕಟ್ಟುತ್ತಾರೆ. ಒಳಗಿನ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಒಂದು ಕಾಲದಲ್ಲಿ ವಿನಾಯಿತಿ ಪಡೆದಿದ್ದ ಊರಿನ ಕೊರಳಿಗೇ ಇಂದು ಆ ಸರಪಳಿ.

ಗೆಲುವಿನ ಅಳತೆ

ನಿಷೇಧದಿಂದ ಮೀನು ಹೆಚ್ಚಿತೇ? 1990ರ ವೇಳೆಗೆ ಕೇರಳದ ಮೀನಿನ ಪ್ರಮಾಣ 6 ಲಕ್ಷ ಟನ್ನುಗಳನ್ನು ದಾಟಿದ್ದು ನಿಜ. ಆದರೆ ಅದರ ಕೀರ್ತಿಯನ್ನೆಲ್ಲ ನಿಷೇಧದ ಮುಡಿಗೇ ಏರಿಸುವುದು ಸರಿಯಲ್ಲ. ನಾಡದೋಣಿಗಳಿಗೂ ಹೊರಗಿನಿಂದ ಕೂಡಿಸುವ ಯಂತ್ರಗಳು ಬಂದಿದ್ದವು. ರಿಂಗ್ ಸೀನ್ ಎಂಬ ದೊಡ್ಡ ಸುತ್ತುಬಲೆಗಳೂ ಬಂದಿದ್ದವು. ಅವುಗಳಿಂದ ಬೇರೆಯೇ ಸಮಸ್ಯೆಗಳು ಹುಟ್ಟಿದವು. ಉಳಿದ 313 ದಿನಗಳಲ್ಲಿ ಟ್ರಾಲ್ ಬಲೆ ಎಂದಿನಂತೆ ತಳವನ್ನು ಗುಡಿಸುತ್ತದೆ. 1145ರ ಮಿತಿಯಂತೂ ಕಾಗದದಲ್ಲಿಯೇ ಉಳಿಯಿತು.

ಹಾಗಾದರೆ ಮೀನುಗಾರರು ಗಳಿಸಿದ್ದೇನು? ಕಡಲ ತಳಕ್ಕೂ ಒಬ್ಬ ಹೊಣೆಗಾರನಿದ್ದಾನೆಂಬುದನ್ನು ಅವರು ಸ್ಥಾಪಿಸಿದರು. ಬಲೆಯನ್ನು ತಂದದ್ದು ಸರಕಾರ, ಸಾಲ ಕೊಟ್ಟದ್ದು ಸರಕಾರ, ಪರವಾನಗಿಗೆ ಮುದ್ರೆ ಒತ್ತಿದ್ದು ಸರಕಾರ. ಆದುದರಿಂದ ಹಾನಿಗೂ ಸರಕಾರವೇ ಉತ್ತರ ಹೇಳಬೇಕು ಎಂಬ ತತ್ತ್ವಕ್ಕೆ ಅವರು ಬಾಯಿ ಕೊಟ್ಟರು. ಒಮ್ಮೆ ಒಪ್ಪಿಕೊಂಡ ಹೊಣೆಯನ್ನು ಮುಂದಿನ ಮಂತ್ರಿಗಳು ಕೈಬಿಡುವುದು ಸುಲಭವಾಗಲಿಲ್ಲ. ಮೂರು ದಶಕಗಳಿಗೂ ಮೀರಿ ಆ ಸರಪಳಿ ವರ್ಷವರ್ಷವೂ ಕಟ್ಟಲ್ಪಡುತ್ತಿರುವುದರ ರಹಸ್ಯ ಇದೇ.

ಹನ್ನೆರಡು ಮೈಲಿಯಾಚೆ

ಹೊಣೆಗಾರಿಕೆಯು ಜಾರಿಹೋಗಲು ಕಡಲಿನಲ್ಲಿ ಇನ್ನೊಂದು ದಾರಿಯಿದೆ. ದಡದಿಂದ ಹನ್ನೆರಡು ನಾವಿಕ ಮೈಲಿಗಳವರೆಗೆ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ಮೀನುಗಾರಿಕೆ ರಾಜ್ಯದ ಅಧೀನ. ಅಲ್ಲಿಂದಾಚೆ ಇನ್ನೂರು ಮೈಲಿಗಳವರೆಗೆ ಕೇಂದ್ರದ ಅಧೀನ. ಮೀನಿಗೆ ಈ ಗಡಿ ತಿಳಿಯದು. ಬೋಟಿನ ಒಡೆಯನಿಗೆ ಚೆನ್ನಾಗಿ ತಿಳಿದಿದೆ. ಕೇಳಿದರೆ ರಾಜ್ಯವು ಕೇಂದ್ರದ ಕಡೆಗೂ ಕೇಂದ್ರವು ರಾಜ್ಯದ ಕಡೆಗೂ ಬೆರಳು ತೋರಿಸಬಹುದು.

1991ರಲ್ಲಿ ಕೇಂದ್ರ ಸರಕಾರವು ಹೊಸ ನೀತಿಯನ್ನು ಹೊರಡಿಸಿ, ವಿದೇಶೀ ಕಂಪನಿಗಳ ಸಹಭಾಗಿತ್ವದ ದೊಡ್ಡ ಹಡಗುಗಳಿಗೆ ಆಳಸಮುದ್ರವನ್ನು ತೆರೆಯಿತು. ಹಿಂದೆ ಒಬ್ಬರಿಗೊಬ್ಬರು ಶತ್ರುಗಳಾಗಿದ್ದ ನಾಡದೋಣಿಯವರೂ ಬೋಟಿನವರೂ ಈ ಸಲ ಒಂದೇ ಕಡೆ ನಿಂತದ್ದು ಕುತೂಹಲದ ಸಂಗತಿ. 1994ರಲ್ಲಿ ದೇಶದ ಎರಡು ಕರಾವಳಿಗಳಲ್ಲೂ ಮುಷ್ಕರ ನಡೆಯಿತು. 1995ರಲ್ಲಿ ಫಾದರ್ ಕೋಚ್ಚೇರಿಯವರು ಗುಜರಾತಿನ ಪೋರಬಂದರಿನಲ್ಲಿ ಉಪವಾಸ ಕುಳಿತರು. ಗಾಂಧೀಜಿ ಹುಟ್ಟಿದ ಊರಿನ ಆ ಉಪವಾಸ ದೆಹಲಿಯವರೆಗೂ ಮುಟ್ಟಿತು. ಪಿ. ಮುರಾರಿಯವರ ಅಧ್ಯಕ್ಷತೆಯ ಸಮಿತಿಯಲ್ಲಿ ಮೀನುಗಾರರ ಪ್ರತಿನಿಧಿಗಳಿಗೂ ಸಂಸತ್ ಸದಸ್ಯರಿಗೂ ಸ್ಥಾನ ದೊರೆಯಿತು. ವಿದೇಶೀ ಸಹಭಾಗಿತ್ವದ ಪರವಾನಗಿಗಳನ್ನು ರದ್ದುಮಾಡಬೇಕೆಂದು 1996ರ ವರದಿ ಹೇಳಿತು. 1999ರಲ್ಲಿ ಕೋಚ್ಚೇರಿಯವರಿಗೆ ಸೋಫೀ ಪ್ರಶಸ್ತಿಯನ್ನು ನೀಡಿ ಗೌರವಿಸಿದ್ದು ನಾರ್ವೆ ದೇಶ. ನೀಂಡಕರಕ್ಕೆ ಯಂತ್ರದೋಣಿಯನ್ನು ಕಳುಹಿಸಿದ ನಾಡೇ ಅದರ ಪರಿಣಾಮವನ್ನು ಪ್ರಶ್ನಿಸಿದವರಿಗೆ ಮನ್ನಣೆಯಿತ್ತಿತು. 2014ರಲ್ಲಿ ಅವರು ತೀರಿಕೊಂಡರು.

ಅವರ ನಂತರವೂ ಪ್ರಶ್ನೆ ಉಳಿದಿದೆಯೆಂಬುದಕ್ಕೆ 2021ರ ಫೆಬ್ರವರಿಯೇ ನಿದರ್ಶನ. ಆಳಸಮುದ್ರಕ್ಕೆ 400 ಟ್ರಾಲರುಗಳನ್ನು ಕಟ್ಟುವ ಬಗ್ಗೆ ಕೇರಳದ ಸರಕಾರೀ ನಿಗಮವೊಂದು ಅಮೆರಿಕದ ಹೆಸರು ಹೇಳಿಕೊಂಡ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿರುವ ಸುದ್ದಿ ಹೊರಬಿದ್ದಿತು. ವಿಧಾನಸಭೆಯ ಚುನಾವಣೆ ಹೊಸ್ತಿಲಲ್ಲಿತ್ತು. ವಿರೋಧಪಕ್ಷ ಕಾಗದಪತ್ರಗಳನ್ನು ಬಯಲಿಗಿಟ್ಟಿತು, ಕರಾವಳಿ ಕೆರಳಿತು. ಕೆಲವೇ ದಿನಗಳಲ್ಲಿ ಒಪ್ಪಂದ ರದ್ದಾಯಿತು. ಹಿಂದೆ ಒಂದು ಆಜ್ಞೆಗಾಗಿ ಎಂಟು ವರ್ಷ ಕಾದಿದ್ದ ಜನ ಈ ಸಲ ಒಂದು ತಿಂಗಳೂ ಕಾಯಬೇಕಾಗಲಿಲ್ಲ.

ಕನ್ನಡ ಕರಾವಳಿ

ಮಂಗಳೂರಿನಿಂದ ಕಾರವಾರದವರೆಗಿನ ಕಡಲಿಗೂ ಇದೇ ಚರಿತ್ರೆಯ ಒಂದು ಅಧ್ಯಾಯ ಸಲ್ಲುತ್ತದೆ. ಊರಿನ ನೂರಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ನಡುವಿನಿಂದ ಬಂದ ಯಾಂತ್ರಿಕ ಸುತ್ತುಬಲೆಗಳ ಮುಂದೆ ನಿಲ್ಲಲಾರದೆ ಮೂಲೆ ಸೇರಿತು. ಕರ್ನಾಟಕದ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆ. ಎರಡು ಬೋಟುಗಳು ಕೂಡಿ ಒಂದೇ ಟ್ರಾಲ್ ಬಲೆಯನ್ನು ಎಳೆಯುವುದನ್ನೂ ಪ್ರಖರ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ಮೇಲೂ ಅವು ನಡೆಯುತ್ತಿವೆಯೆಂದು ನಾಡದೋಣಿಯವರು ಮತ್ತೆಮತ್ತೆ ಮನವಿ ಸಲ್ಲಿಸುತ್ತ ಬಂದಿದ್ದಾರೆ.

ಕಾಯಿದೆಗಳು ಇಲ್ಲವೆಂದಲ್ಲ. ಆಜ್ಞೆ ಹೊರಟ ಮೇಲೆ ಎಷ್ಟು ಬೋಟುಗಳನ್ನು ತಪಾಸಣೆ ಮಾಡಲಾಯಿತು, ಯಾರ ಪರವಾನಗಿ ರದ್ದಾಯಿತು, ಬಲೆಯ ಕಣ್ಣನ್ನು ಯಾವ ಬಂದರಿನಲ್ಲಿ ಯಾರು ಅಳೆದರು ಎಂದು ಕೇಳುವವರು ಬೇಕು. ಪಟ್ಟಣದ ಗೃಹಸ್ಥನು ಇದು ಮೀನುಗಾರರ ಒಳಜಗಳವೆಂದು ಸುಮ್ಮನಿರಬಹುದು. ಆದರೆ ಬಂಗುಡೆಯ ಬೆಲೆ ಏರಿದಾಗ, ಬೂತಾಯಿ ಅಂಗೈಯಷ್ಟೂ ಬೆಳೆಯದೆ ಮಾರುಕಟ್ಟೆಗೆ ಬಂದಾಗ, ಆ ಜಗಳ ಅವನ ತಟ್ಟೆಗೇ ಬಂದಿರುತ್ತದೆ. ಬೋಟಿನ ಡೀಸೆಲಿಗೆ ಸರಕಾರವು ಕೊಡುವ ರಿಯಾಯಿತಿಯಲ್ಲಿ ಅವನು ತೆತ್ತ ತೆರಿಗೆಯ ಪಾಲೂ ಇದೆ.

ಆಗಸ್ಟ್ ಒಂದರಂದು ಮಲ್ಪೆಯ ಬಂದರಿನಿಂದ ಬೋಟುಗಳು ಪೂಜೆ ಮುಗಿಸಿ ಸಾಲುಗಟ್ಟಿ ಕಡಲಿಗೆ ಹೊರಡುತ್ತವೆ. ನೋಡಲು ಅದೊಂದು ಸೊಬಗು. ಅವುಗಳ ಬಲೆ ನೀರಿನಡಿಯಲ್ಲಿ ಮಾಡುವ ಕೆಲಸವನ್ನು ಯಾರೂ ಕಾಣಲಾರರು. ಆ ಬಲೆಗೆ ಅಪ್ಪಣೆಯಿತ್ತವರು ಮಾತ್ರ ಐದು ವರ್ಷಕ್ಕೊಮ್ಮೆಯಾದರೂ ಎಲ್ಲರ ಕಣ್ಣಿಗೆ ಕಾಣುವಂತೆ, ಕೈಮುಗಿದುಕೊಂಡು, ಮನೆಯ ಬಾಗಿಲಿಗೇ ಬರುತ್ತಾರೆ. ಲೆಕ್ಕ ಕೇಳುವುದಾದರೆ ಅದೇ ಸಮಯ.